ಗಂಗಜ್ಜಿಯ ಬಾಗಿಲಿನ ಮೊದಲ ಸಾಲು

ದಾರಿ ತಪ್ಪಿದ ಬಾಗಿಲನ್ನು ಸರಿಮಾಡುವುದರಲ್ಲಿ ದಾವಣಗೆರೆಯ ಪಂಪಾಪತಿಯನ್ನು ಮೀರಿಸುವವರು ಹದಿನಾಲ್ಕು ಲೋಕದಲ್ಲೂ ಇರಲಿಲ್ಲ. ಆ ಕಾಲದಲ್ಲಿ ಚೌಕಟ್ಟಿನ ಮೇಲೆ ಯಾವ ಜಾಗ ಬರೆದಿರುತ್ತಿತ್ತೋ ಬಾಗಿಲು ಅಲ್ಲಿಗೇ ತೆರೆಯುತ್ತಿತ್ತು. ಗಂಗಜ್ಜಿಯ ಮನೆ ಬಾಗಿಲು ಮಾತ್ರ ಆಸ್ಪತ್ರೆಯ ಬದಲು ಎಂದೋ ಮುಚ್ಚಿದ ದೋಸೆ ಹೋಟೆಲಿಗೆ ತೆರೆದು, ಬೆಣ್ಣೆಯ ಘಮ ಏಳು ಜಿಲ್ಲೆಗೆ ಹಬ್ಬಿತ್ತು.

ಚೌಕಟ್ಟು ನೋಡಿದ ಪಂಪಾಪತಿ ಹೇಳಿದ: “ಹೋಟ್ಲಿನ ಹಳೇ ಸಾಲು ಅಳಿಸದೇ ಕೆಳಗೆ ಆಸ್ಪತ್ರೆ ಬರೆಸೀಯಲ್ಲಜ್ಜಿ! ಬಾಗ್ಲು ಮೊದಲ್ನೇ ಸಾಲಷ್ಟೇ ಓದ್ತತಿ. ಅಳಿಸ್ಲಾ?”

“ಬಿಪಿ ಮಾತ್ರೆ ಬೇಕಪ್ಪ. ಆದ್ರೆ ಅಳಿಸಿದ್ರೆ, ಆ ಹೋಟ್ಲಿಗೆ ಬೇರೆ ಬಾಗ್ಲೇ ಇಲ್ಲ.”

ಜೀವನದ ಮೊದಲ ದೋಸೆಯನ್ನು ಅಪ್ಪನ ತೊಡೆಯ ಮೇಲೆ ಕೂತು ಅಲ್ಲೇ ತಿಂದಿದ್ದ ಪಂಪಾಪತಿಯ ಕೈ ನಿಂತಿತು. ಎಲ್ಲಕ್ಕೂ ಮೇಲೆ ‘ಭಾನುವಾರ ದೋಸೆ ಹೋಟೆಲು, ಮಿಕ್ಕ ದಿನ ಆಸ್ಪತ್ರೆ’ ಎಂದು ಬರೆದ.

ಭಾನುವಾರ ಬೆಳಿಗ್ಗೆ ಬಾಗಿಲು ಪರೀಕ್ಷಿಸುವ ನೆಪದಲ್ಲಿ ಬಂದವನನ್ನು ಅಜ್ಜಿ ಕೇಳಿದಳು: “ಹೊಟ್ಟೆ ಖಾಲಿ ಇಟ್ಕಂಡು ಬಂದೀಯೇನಲೆ?”