ಸಿಂಗಾಪುರದಿಂದ ಎಷ್ಟು ಹೊತ್ತು?

ಸಿದ್ದಮ್ಮನನ್ನು ಹೂಳಲು ಎಸ್ಟೇಟಿನಲ್ಲಿ ಜಾಗ ಕೊಡಲಿಲ್ಲ. ಲಂಗ ಉಡುವ ವಯಸ್ಸಿನಿಂದ ಅಲ್ಲೇ ಕಾಫಿ ಹಣ್ಣು ಕೊಯ್ದವಳು ಅವಳು. ಮಗ ಕುಮಾರ್ ಹೆಣವನ್ನು ಪಿಕಪ್ಪಿಗೆ ಹಾಕಿಕೊಂಡು ಹೋಗಿ ಕೊಟ್ಟಿಗೆಹಾರದ ಆಚೆ ರಸ್ತೆ ಬದಿಯಲ್ಲಿ ಮಣ್ಣು ಮಾಡಿ ಬಂದ.

ಜಾಗ ಕೊಡುವುದಿಲ್ಲ ಎಂದಿದ್ದ ಚನ್ನಕೇಶವ ಗೌಡರು ನಿನ್ನೆ ಸತ್ತರು. ಅವರ ಚಿತೆಗೆ ಅದೇ ಎಸ್ಟೇಟಿನಲ್ಲಿ ಇವತ್ತು ಕುಮಾರ್ ಮಾವಿನ ಸೌದೆ ಸೀಳುತ್ತಿದ್ದ.

ಗೌಡರ ಮಗ ಮೋಹಿತ್ ಸಿಂಗಾಪುರದಿಂದ ಬರಬೇಕು. ಬಂಗಲೆಯ ಅಂಗಳದಲ್ಲಿ ಕೂತವರಿಗೆಲ್ಲ ಅದೇ ಲೆಕ್ಕ. ಬೆಂಗಳೂರಿಗೆ ಮೂರು ಸಾವಿರದ ಇನ್ನೂರು ಕಿಲೋಮೀಟರ್, ವಿಮಾನದಲ್ಲಿ ನಾಲ್ಕೂವರೆ ಗಂಟೆ. ಅಲ್ಲಿಂದ ಮೂಡಿಗೆರೆಗೆ ಕಾರಿನಲ್ಲಿ ಅದಕ್ಕಿಂತ ಹೆಚ್ಚು.

"ಹೊರಟ್ರಂತಾ, ಸಣ್ಣ ಗೌಡ್ರೆ?" ಕುಮಾರ್ ಮತ್ತೆ ಮತ್ತೆ ಕೇಳಿದ. ಸಣ್ಣ ಗೌಡರೆಂದರೆ ಸತ್ತವರ ತಮ್ಮ ಗಂಗಾಧರಪ್ಪ. ಅವರು ಫೋನಿನಿಂದ ತಲೆ ಎತ್ತಲಿಲ್ಲ.

"ನಿಂಗ್ಯಾಕೋ ಮಾರಾಯ ವಿಮಾನದ ಚಿಂತೆ?" ಜೊತೆಯಲ್ಲಿ ಸೌದೆ ಹೊರುತ್ತಿದ್ದ ಮುದುಕ ಭೂತಯ್ಯ ನಕ್ಕ. "ಟಿಕೆಟ್ ನೀನೇ ತೆಗ್ಸಿದ್ಯಾ ಹೆಂಗೆ?"

ಕುಮಾರ್ ನಗಲಿಲ್ಲ. ಮೋಹಿತ್ ಬಂದುಬಿಟ್ಟರೆ ಸೌದೆ ಒಟ್ಟಿ ತನ್ನ ಪಾಡಿಗೆ ಹೋಗಬಹುದು. ಬರದಿದ್ದರೆ ಈ ಜನ ಬಿಡುವುದಿಲ್ಲ.

ಮಧ್ಯಾಹ್ನ ಸುದ್ದಿ ಬಂತು. ವಿಮಾನ ಕೆಟ್ಟು ಸಿಂಗಾಪುರದಲ್ಲೇ ನಿಂತಿದೆ. ನಾಳೆಯ ತನಕ ಹಾರುವುದಿಲ್ಲ. ಇತ್ತ ಕರೆಂಟಿಲ್ಲ, ಜನರೇಟರ್ ಕೈಕೊಟ್ಟಿದೆ, ಹೆಣವಿಟ್ಟ ಐಸ್ ಪೆಟ್ಟಿಗೆಯಿಂದ ನೀರು ಸೋರುತ್ತಿದೆ. ಎಷ್ಟು ಊದುಬತ್ತಿ ಹಚ್ಚಿದರೂ ವಾಸನೆ ಅಡಗುತ್ತಿಲ್ಲ.

"ನಾನೇ ಕೊಳ್ಳಿ ಇಡ್ತೀನಿ," ಎಂದಳು ಗೌಡರ ಮಗಳು ಸೌಂದರ್ಯ.

"ನೀನು ಒಳಗೆ ಹೋಗಮ್ಮ," ಎಂದರು ಗಂಗಾಧರಪ್ಪ. "ಗಂಡು ದಿಕ್ಕಿಲ್ಲದ ಮನೆಯಾ ಇದು?"

ಬಂಗಲೆಯೊಳಗೆ ಬಹಳ ಹೊತ್ತು ಪಿಸುಮಾತು ನಡೆಯಿತು. ಆಮೇಲೆ ಗೌಡರ ಹೆಂಡತಿ ಕೃಷ್ಣಮ್ಮ ಕಾಫಿ ಹಿಡಿದು ಹೊರಬಂದರು. ಲೈನ್ ಮನೆಯ ಆಳುಗಳನ್ನೆಲ್ಲ ಹೆಸರು ಹಿಡಿದು ಮಾತಾಡಿಸುವ ಆಕೆ ಕುಮಾರನ ಮುಖವನ್ನು ಎಂದೂ ನೋಡಿದವರಲ್ಲ. ಇವತ್ತು ಲೋಟವನ್ನು ಅವನ ಕೈಗೇ ಕೊಟ್ಟರು.

"ಕುಡ್ದು ಸ್ನಾನ ಮಾಡ್ಕೊ. ಹಿತ್ಲಲ್ಲಿ ಬಿಸಿನೀರಿದೆ."

"ಬೆವ್ರು ತಾನಾಗೇ ಆರುತ್ತೆ, ಅಮ್ಮಾವ್ರೇ." ಕುಮಾರ್ ಲೋಟವನ್ನು ಮರದ ಕೊರಡಿನ ಮೇಲಿಟ್ಟ. ಕಾಫಿ ಕೆನೆಗಟ್ಟಿತು.

ಗಂಗಾಧರಪ್ಪ ಒಂದು ಹೊಸ ಪಂಚೆಯನ್ನೂ ನೀರು ತುಂಬಿದ ಮಡಕೆಯನ್ನೂ ತಂದು ಅವನ ಕಾಲ ಬಳಿ ಇಟ್ಟರು. ದನಿ ತಗ್ಗಿಸಿದರು.

"ಹೊತ್ತು ಮುಳುಗೋದ್ರೊಳಗೆ ಮುಗೀಬೇಕು. ತಮ್ಮ ನಾನಿಟ್ರೆ ಅಣ್ಣಂಗೆ ಮುಕ್ತಿಯಿಲ್ಲ. ಮಡಕೆ ಹೊತ್ಕೊಂಡು ಮೂರು ಸುತ್ತು ಬಂದು ಕೊಳ್ಳಿ ಇಟ್ಬಿಡು. ಯಾರಾದ್ರೂ ಕೇಳಿದ್ರೆ ನಂಬಿಕಸ್ಥ ಆಳು, ಅದ್ಕೇ ಮಾಡ್ಸಿದ್ವಿ ಅಂತೀವಿ. ಲೈನ್ ಮನೆ ನಿನ್ನ ಹೆಸ್ರಿಗೇ ಬರ್ಕೊಡ್ತೀವಿ."

"ಬೇಡ."

"ಬೇಡ ಅನ್ನೋಕೆ ನಿನ್ನ ಕೇಳ್ತಿಲ್ಲ. ಎತ್ತು ಮಡಕೆ."

ಕುಮಾರ್ ಕೊಡಲಿಯನ್ನು ಸೌದೆಗೆ ಕಚ್ಚಿಸಿದ. ಮಡಕೆಯನ್ನು ದಾಟಿ ನಡೆದವನು, ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದ:

"ಎತ್ತಲ್ಲ, ಚಿಕ್ಕಪ್ಪ. ಬದುಕಿದ್ದಾಗ ಅಪ್ಪ ಅಂತ ಕರೆಯೋಕೆ ಬಿಡದೇ ಇದ್ದವ್ರಿಗೆ ಸತ್ತ ಮೇಲೆ ನಾನು ಮಗ ಆಗಲ್ಲ."