ಓಣಿಯ ನಾಲಿಗೆ

ಬಳೆಗಾರರ ಓಣಿಯಲ್ಲಿ ಸೋರೆಕಾಯಿಯ ರುಚಿಗಿಂತ ಗಂಭೀರವಾದ ವಿಷಯ ಇನ್ನೊಂದಿರಲಿಲ್ಲ. ಹುಟ್ಟುವ ಮುಂಚೆಯೇ ಜೀನ್ ತಿದ್ದಿಸಿಕೊಂಡು ಬಂದ ಅಲ್ಲಿನವರಿಗೆ ಹೃದಯದ ಕಾಯಿಲೆ ಬರುತ್ತಿರಲಿಲ್ಲ; ಅದರ ಜೊತೆಗೇ ನಾಲಿಗೆಗೆ ಕಹಿಯೂ ಗೊತ್ತಾಗುತ್ತಿರಲಿಲ್ಲ. ಕಹಿಸೋರೆ ವಿಷವೆಂಬುದು ಹೋದ ವರ್ಷ ಇಬ್ಬರು ಸತ್ತ ಮೇಲೆ ಎಲ್ಲರಿಗೂ ನೆನಪಾಯಿತು. ತಿದ್ದುವ ಕಾಲಕ್ಕೂ ಮುಂಚೆ ಹುಟ್ಟಿ ಉಳಿದವಳು ನೀಲಾಂಬಿಕಮ್ಮಜ್ಜಿ ಒಬ್ಬಳೇ. ಅಂದಿನಿಂದ ದಿನಾ ಬೆಳಿಗ್ಗೆ ಅವಳ ಮನೆಕಟ್ಟೆಗೆ ಸೋರೆಕಾಯಿ ಹಿಡಿದವರ ಸಾಲು.

"ಅಜ್ಜಿ, ಎದಿನೋವಿಗೆ ಜೀನಿನ ಸೂಜಿ ಹಾಕ್ತೀವಂತ ಡಾಕ್ಟ್ರು ಮತ್ತೆ ಬಂದಿದ್ರಂತೆ?" ಹೋಳು ಚಾಚುತ್ತ ಪಕ್ಕದ ಮನೆಯ ಕೊಟ್ರೇಶಿ ಕೇಳಿದ. "ಹಾಕಿಸ್ಕಂಡ್ರೆ ನಿಮ್ ನಾಲಿಗಿನೂ ನಮ್ಮಂಗಾಗುತ್ತೆ. ಸ್ವಲ್ಪ ತಡಕಳ್ರಿ."

"ಎಷ್ಟು ದಿನ ತಡಕಳ್ಳಲಪ್ಪ?"

"ನೀವಿರೋ ತನಕ."

ಸಾಲಿನಲ್ಲಿದ್ದವರೆಲ್ಲ ಪ್ರೀತಿಯಿಂದಲೇ ತಲೆಯಾಡಿಸಿದರು.

ಆರು ತಿಂಗಳಲ್ಲಿ ಮೊದಲ ಸಲ ಅಜ್ಜಿ ಎದೆ ನೋಯದೆ ನಿದ್ದೆ ಮಾಡಿ ಎದ್ದಿದ್ದಳು. ತೋಳಿನ ಸೂಜಿ ಗುರುತಿನ ಮೇಲೆ ಸೆರಗೆಳೆದುಕೊಂಡು ಹೋಳನ್ನು ನಿಧಾನವಾಗಿ ಅಗಿದಳು. ಬರೀ ನೀರು ಅಗಿದಂತಿತ್ತು.

"ಚಲೋ ಐತಿ, ಮಾಡ್ಕಳ್ರಿ," ಎಂದಳು. ಉಳಿದವರ ಹೋಳುಗಳಿಗೂ ಅದನ್ನೇ ಹೇಳಿದಳು.

ಆ ದಿನ ಹನ್ನೊಂದು ಮನೆಗಳಲ್ಲಿ ಸೋರೆಕಾಯಿ ಪಲ್ಯವಾಯಿತು.