ಸೂಜಿಗಲ್ಲಿಗೆ ಅಂಟದ ತೋಟಾ

ಸೂಜಿಗಲ್ಲು ತೋಟಾಕ್ಕೆ ಅಂಟಲಿಲ್ಲ. ವೆಲ್ಡನ್ ಅದನ್ನು ತಿರುಗಿಸಿ, ಚರೆ ತುಂಬುವ ಮೇಲ್ಭಾಗಕ್ಕೆ ಒತ್ತಿ ಹಿಡಿದ. ಆಗಲೂ ಅಂಟಲಿಲ್ಲ. ಒಳಗೆ ಉಕ್ಕಿನ ಚರೆಯಿದ್ದರೆ ಟಕ್ಕನೆ ಕಚ್ಚಿಕೊಳ್ಳಬೇಕಿತ್ತು. ಅಂದರೆ ಸೀಸ.

ಅಮೆರಿಕದ ಆರ್ಕನ್ಸಾ ರಾಜ್ಯದ ಈ ನೀರು ಕಟ್ಟಿದ ಗದ್ದೆಗಳಿಗೆ ಬಾತುಬೇಟೆಗೆಂದು ಬರುವವರು ಸೀಸದ ಚರೆ ತರುವಂತಿಲ್ಲ. ಕೆಸರಿಗೆ ಬಿದ್ದದ್ದನ್ನು ಕಾಳೆಂದು ನುಂಗಿ ಬಾತುಗಳು ಸಾಯುತ್ತವೆ. ಹಿಂದಿನ ಚಳಿಗಾಲ ಯಾರೋ ಗಿರಾಕಿಯ ಚೀಲದಲ್ಲಿ ಅದು ಸಿಕ್ಕಿ ವೆಲ್ಡನ್ ದಂಡ ಕಟ್ಟಿದ್ದ. ಇನ್ನೊಮ್ಮೆ ಸಿಕ್ಕರೆ ಜನರನ್ನು ಬೇಟೆಗೆ ಕರೆದೊಯ್ಯುವ ಪರವಾನಗಿಯೇ ಹೋಗುತ್ತದೆ. ಅವನಿಗೆ ಬೇರೆ ಕೆಲಸ ಬರುವುದಿಲ್ಲ.

ಪಕ್ಕದಲ್ಲಿ, ಜೊಂಡು ಹೊದಿಸಿದ ಮರೆಯೊಳಗೆ, ಇವತ್ತಿನ ಗಿರಾಕಿ ಲೋರ್ನಾ ಪ್ರಿವಿಟ್ ಕೂತಿದ್ದಳು. ಅರವತ್ತು ದಾಟಿದ ಹೆಂಗಸು. ಇದೇ ಮೊದಲ ಬೇಟೆ. ಎದೆಮಟ್ಟದ ರಬ್ಬರ್ ಉಡುಪಿನಲ್ಲಿ ಅಂಗಡಿಯ ಚೀಟಿ ಇನ್ನೂ ತೂಗುತ್ತಿತ್ತು. ಕೊರಳಲ್ಲಿ ಬಾತಿನ ಕೂಗು ಹೊರಡಿಸುವ ಪೀಪಿ, ಒಮ್ಮೆಯೂ ಊದದ್ದು. ಮುಖ ಮರೆಸುವ ಬಲೆ, ಬೆಚ್ಚನೆಯ ಕೈಗವಸು, ಕಂದು ಟೋಪಿ. ಹೊಸಬರಿಗೆ ಬೇಕಾದದ್ದರಲ್ಲಿ ಒಂದೂ ಬಿಟ್ಟುಹೋಗಿರಲಿಲ್ಲ.

“ಯಾರಮ್ಮಾ ಇದೆಲ್ಲ ಆರಿಸಿಕೊಟ್ಟಿದ್ದು?” ಎಂದು ಬೆಳಿಗ್ಗೆ ಗಾಡಿಯ ಹತ್ತಿರ ಕೇಳಿದ್ದ.

“ನನ್ನ ಗಂಡ. ಕ್ರಿಸ್ಮಸ್ಸಿಗೆ ಒಂದೊಂದು ತಂದಿಡೋರು. ಬಾ ಬಾ ಅಂತ ಕರೀತಾನೇ ಇದ್ರು. ನಾನು ಚಳಿ ಅಂತಿದ್ದೆ.”

“ಇವತ್ತು ಅವ್ರು ಹೊರಡ್ಲಿಲ್ವಾ?”

“ನನಗಿಂತ ಮೊದ್ಲೇ ತಯಾರಾಗಿದ್ರು.”

ಹೊಸ್ತಿಲಲ್ಲಿ ಜಗಳವಾಗಿರಬೇಕು ಎಂದುಕೊಂಡ ವೆಲ್ಡನ್. ಅವಳ ಸೊಂಟಕ್ಕೆ ಪಟ್ಟಿ ಕೊಟ್ಟ. “ಬಿಗಿಯಾಗಿ ಕಟ್ಕೊಳ್ಳಿ. ಕಾಲು ಜಾರಿದ್ರೆ ಉಡುಪಿನೊಳಗೆ ನೀರು ತುಂಬಿ ಎಳ್ಕೊಂಡುಬಿಡುತ್ತೆ.”

“ಬೇಗನಾ?”

“ಏನು ಬೇಗ?”

“ಏನಿಲ್ಲ.” ಅವಳು ಪಟ್ಟಿ ಬಿಗಿದುಕೊಂಡಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. “ಗಾಳಿ ನಮ್ಮ ಬೆನ್ನಿಗಿರುತ್ತೆ ತಾನೆ?”

ಬಾತುಗಳು ಗಾಳಿಗೆ ಎದುರಾಗಿ ಇಳಿಯುತ್ತವೆ. ಹೊಸಬರು ಇದನ್ನು ಕೇಳುವುದಿಲ್ಲ. ಗಂಡ ಒಳ್ಳೆಯ ಬೇಟೆಗಾರನೇ ಇರಬೇಕು.

ಆದರೆ ಅವಳು ಬೇಟೆಯಾಡಲಿಲ್ಲ. ವೆಲ್ಡನ್ ಪೀಪಿ ಊದಿ ಹಿಂಡನ್ನು ಕರೆದ. ಹಸಿರು ತಲೆಯ ಗಂಡುಬಾತುಗಳು ಸುತ್ತಿ ಸುತ್ತಿ, ನೀರಲ್ಲಿ ತೇಲಬಿಟ್ಟ ಪ್ಲಾಸ್ಟಿಕ್ ಬಾತುಗಳ ಮೇಲೆ ಕಾಲು ಚಾಚಿದವು. “ಈಗ,” ಎಂದ. ಅವಳು ಕೋವಿ ಎತ್ತಲಿಲ್ಲ. ಹಕ್ಕಿಗಳು ಎದ್ದು ಹೋದ ಮೇಲೆ ನಿಂತು, ಬರಿಯ ಆಕಾಶಕ್ಕೆ ಹೊಡೆದಳು. ಹೊಗೆ ಯಾವತ್ತಿಗಿಂತ ದಟ್ಟವಾಗಿತ್ತು. ನೀರಿನ ಮೇಲೆ ನಿಧಾನವಾಗಿ ಇಳಿಯಿತು. ಹಳೇ ಮದ್ದು ಇರಬೇಕು. ಬಿಸ್ಕೆಟ್ ಎಂಬ ಅವನ ಬೇಟೆನಾಯಿ, ಹಕ್ಕಿ ಏನಾದರೂ ಬೀಳುತ್ತದೇನೋ ಎಂದು ನೋಡಿ, ಆಮೇಲೆ ವೆಲ್ಡನ್‌ನ ಮುಖ ನೋಡಿತು. ಇನ್ನೊಂದು ಹಿಂಡು ಬಂತು. ಮತ್ತೆ ಹಾಗೆಯೇ.

“ಹಕ್ಕಿ ಇರೋವಾಗ ಹೊಡೀಬೇಕಮ್ಮಾ. ಹೋದ್ಮೇಲೆ ಹೊಡೆದ್ರೆ ಏನು ಸಿಗುತ್ತೆ?”

“ಏನೂ ಸಿಗಬೇಕಾಗಿಲ್ಲ,” ಎಂದು ಖಾಲಿ ತೋಟಾವನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡಿದ್ದಳು.

ಆಗಲೇ ಅವನು ಅವಳ ಕಾಫಿ ಡಬ್ಬಿಯಿಂದ ಒಂದು ತೋಟಾ ಎತ್ತಿ ಸೂಜಿಗಲ್ಲು ಹಿಡಿದದ್ದು.

“ಇದನ್ನ ಯಾರು ತುಂಬಿದ್ದು?”

“ನಾನೇ. ಅಡುಗೆಮನೆ ಮೇಜಿನ ಮೇಲೆ. ತೋಟಾ ತುಂಬೋ ಯಂತ್ರ ಅವರದು.”

“ಒಳಗೆ ಏನು ಹಾಕಿದ್ರಿ?”

“ಇದ್ದದ್ದನ್ನ ಹಾಕಿದೆ.”

“ನಿಜ ಹೇಳಿ.”

“ಹೇಳಿದ್ರೆ ವಾಪಸ್ ಕರ್ಕೊಂಡು ಹೋಗ್ತೀರಿ.”

ಅವಳ ದನಿಯಲ್ಲಿ ಅಂಜಿಕೆಯಿರಲಿಲ್ಲ, ಸಿಟ್ಟೂ ಇರಲಿಲ್ಲ. ವೆಲ್ಡನ್ ತನ್ನ ತೋಟಾಗಳ ಪೆಟ್ಟಿಗೆಯನ್ನು ಅವಳ ಮುಂದೆ ತಳ್ಳಿದ. ಅವಳು ಅತ್ತ ನೋಡಲಿಲ್ಲ.

ದೂರದ ಕಾಲುವೆಯಲ್ಲಿ ಮೋಟಾರಿನ ಸದ್ದು ಕೇಳಿಸಿತು. ಬೇಟೆ ಇಲಾಖೆಯ ದೋಣಿ.

“ಆ ಡಬ್ಬಿ ನೀರಿಗೆ ಸುರೀರಿ,” ಎಂದ. “ನನ್ನ ಹೊಟ್ಟೆಪಾಡಿನ ವಿಷ್ಯ ಇದು. ಬೇಗ.”

“ಎಲ್ಲ ಒಟ್ಟಿಗೇನಾ?” ಅವಳು ಯೋಚಿಸಿದಳು. “ಬೇಡ. ಅಷ್ಟು ಬೇಗ ನನ್ನ ಕೈಲಾಗಲ್ಲ.”

ಅವನು ಕೈಚಾಚಿದ. ಒಳಗೆ ಇನ್ನೂ ಬಿಸಿ ಇದೆಯೇನೋ ಎಂಬಂತೆ ಅವಳು ಡಬ್ಬಿಯನ್ನು ಎರಡೂ ಕೈಗಳಿಂದ ಸುತ್ತಿ ಹಿಡಿದಿದ್ದಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಯಾಕೆಂದು ಅವನಿಗೆ ತಿಳಿಯಲಿಲ್ಲ.

ದೋಣಿ ಮರೆಯ ಪಕ್ಕಕ್ಕೆ ಬಂದು ನಿಂತಿತು. ಅಧಿಕಾರಿ ಮರ್ಲ್ ಗ್ರಿಗ್ಸ್, ವೆಲ್ಡನ್‌ನ ಜೊತೆ ಓದಿದವನು.

“ಏನೋ ವೆಲ್ಡನ್, ಇವತ್ತು ಬಾತುಗಳಿಗೆ ರಜಾ ಕೊಟ್ಟಿದ್ಯಾ? ಗುಂಡಿನ ಸದ್ದು ಕೇಳಿಸ್ತು, ಒಂದು ಪುಕ್ಕಾನೂ ಕಾಣ್ತಿಲ್ಲ.”

“ನಿನ್ನ ಮೋಟಾರಿನ ಸದ್ದಿಗೆ ಟೆಕ್ಸಸ್‌ಗೆ ಓಡಿಹೋದ್ವು ಕಣೋ.”

ಮರ್ಲ್ ನಕ್ಕ. ಲೋರ್ನಾಳಿಗೆ ಟೋಪಿ ಮುಟ್ಟಿ ನಮಸ್ಕರಿಸಿದ. ಪರವಾನಗಿ ನೋಡಿದ, ಕೋವಿ ನೋಡಿದ. ಆಮೇಲೆ ಡಬ್ಬಿಯತ್ತ ಕೈ ನೀಡಿದ. ಅವಳು ಒಂದು ತೋಟಾ ಮಾತ್ರ ತೆಗೆದು ಕೊಟ್ಟಳು. ಅವನ ಹತ್ತಿರವೂ ಸೂಜಿಗಲ್ಲಿತ್ತು.

ನಗು ನಿಂತಿತು. “ಮತ್ತೆ ಅದೇನಾ, ವೆಲ್ಡನ್?”

“ನನಗೆ ಗೊತ್ತಿರ್ಲಿಲ್ಲ.”

“ಹೋದ್ಸಲವೂ ಇದನ್ನೇ ಹೇಳಿದ್ದೆ.”

ನೀರಲ್ಲಿ ಪ್ಲಾಸ್ಟಿಕ್ ಬಾತುಗಳು ತಲೆಯಾಡಿಸುತ್ತಿದ್ದವು. ನಾಳೆ ಅವನ್ನು ಯಾರಿಗೆ ಮಾರುವುದು ಎಂದು ವೆಲ್ಡನ್ ಯೋಚಿಸಿದ.

ಮರ್ಲ್ ಚಾಕು ಬಿಚ್ಚಿ ತೋಟಾದ ಬಾಯಿ ಕೊಯ್ದ. ಬೊಗಸೆಯಾಗಿಸಿದ ಎಡಗೈಗೆ ಸುರಿದ. ಚರೆ ಬೀಳಲಿಲ್ಲ. ಬೂದು ಬಣ್ಣದ ಪುಡಿ, ಅದರ ನಡುವೆ ಬಿಳಿಯ ಸಣ್ಣ ಚೂರುಗಳು. ಅವನು ಮೂಸಿ ನೋಡಿದ. ಏನೂ ಅರ್ಥವಾಗದೆ ಅಂಗೈಯನ್ನು ಪ್ಯಾಂಟಿಗೆ ಒರೆಸಲು ಹೋದ.

ಲೋರ್ನಾ ಅವನ ಮಣಿಕಟ್ಟು ಹಿಡಿದಳು.

“ಒರೆಸ್ಬೇಡಿ,” ಎಂದಳು. “ಅದು ನನ್ನ ಗಂಡ.”